ಕಂಪಾಸ್ ಒಂದೇ ಸಾಲದು: ಫ್ಯೂಚುರಾ ಬೋಲ್ಡ್ ಮತ್ತು ನಮ್ಮ ದಪ್ಪಕ್ಷರಗಳು

ಯಾವುದಾದರೂ ಕಾಲೇಜು ಫೆಸ್ಟ್‌ನ ಪೋಸ್ಟರ್ ತೆಗೆದುಕೊಳ್ಳಿ. ಮೇಲೆ ಇಂಗ್ಲಿಷಿನಲ್ಲಿ ಕಾರ್ಯಕ್ರಮದ ಹೆಸರು ಇರುತ್ತದೆ. ದಪ್ಪಗೆ, ದುಂಡಗೆ, ಸ್ಕೇಲು ಇಟ್ಟು ಗೀಟು ಹಾಕಿದಷ್ಟು ಅಚ್ಚುಕಟ್ಟು. ಅದರ ಕೆಳಗೆ ಅದೇ ಹೆಸರು ಕನ್ನಡದಲ್ಲಿ. ಅದು ಒಂದೋ ಬಡಕಲಾಗಿರುತ್ತದೆ, ಇಲ್ಲಾ ಒಳಗಿನ ಜಾಗವೆಲ್ಲ ತುಂಬಿಕೊಂಡು ಮಸಿ ಚೆಲ್ಲಿದ ಹಾಗಿರುತ್ತದೆ. ನೋಡಿದವರು "ಕನ್ನಡ ಅಕ್ಷರ ಪೋಸ್ಟರ್‌ಗೆ ಸೆಟ್ ಆಗಲ್ಲ ಬಿಡಿ" ಅಂದುಬಿಡುತ್ತಾರೆ.

ನಮಗೆ ಈ ಮಾತು ಒಪ್ಪಿಗೆ ಇಲ್ಲ. ಮೇಲಿನ ಇಂಗ್ಲಿಷ್ ಅಕ್ಷರ ಅಷ್ಟು ಚೆನ್ನಾಗಿ ಕಾಣೋದಕ್ಕೆ ಕಾರಣ ಆ ಲಿಪಿಯ ಪುಣ್ಯ ಅಲ್ಲ. ಅದರ ಹಿಂದೆ ಯಾರೋ ಕೂತು ಒಂದೊಂದು ತಿರುವನ್ನೂ ತಿದ್ದಿದ್ದಾರೆ. ಕೆಳಗಿನ ಕನ್ನಡಕ್ಕೆ ಆ ಕೆಲಸ ಆಗಿಲ್ಲ, ಅಥವಾ ಆಗಿದ್ದರೂ ಪೋಸ್ಟರ್ ಮಾಡುವಾಗ ನಾವು ಅದನ್ನು ಬಳಸಿಕೊಂಡಿಲ್ಲ. ವ್ಯತ್ಯಾಸ ಇಷ್ಟೇ.

ಆ ಕೆಲಸ ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳೋಕೆ, ಸುಮಾರು ನೂರು ವರ್ಷದಿಂದ ಪೋಸ್ಟರ್‌ಗಳನ್ನು ಆಳುತ್ತಿರುವ ಒಂದು ಫಾಂಟನ್ನು ಬಿಚ್ಚಿ ನೋಡೋಣ. ಅದರ ಹೆಸರು ಫ್ಯೂಚುರಾ, ಅದರಲ್ಲೂ ದಪ್ಪನೆಯ ಫ್ಯೂಚುರಾ ಬೋಲ್ಡ್.

ಫ್ಯೂಚುರಾ ಹುಟ್ಟಿದ್ದು

ಫ್ಯೂಚುರಾ ಮಾಡಿದವರು ಜರ್ಮನಿಯ ಪಾಲ್ ರೆನರ್. 1878ರಲ್ಲಿ ಹುಟ್ಟಿದವರು. ಮೊದಲು ಪೇಂಟಿಂಗ್, ಆಮೇಲೆ ಪುಸ್ತಕ ವಿನ್ಯಾಸ, ಜೊತೆಗೆ ಪಾಠ ಹೇಳುವ ಕೆಲಸ. 1920ರ ದಶಕದ ಜರ್ಮನಿಯಲ್ಲಿ ಪತ್ರಿಕೆ, ಪುಸ್ತಕಗಳು ಇನ್ನೂ ಹೆಚ್ಚಾಗಿ ಫ್ರಾಕ್ಟರ್ ಎಂಬ ಹಳೇ ಮುರಿಗೆರೆ ಅಕ್ಷರಗಳಲ್ಲೇ ಅಚ್ಚಾಗುತ್ತಿದ್ದವು. ಆಗ ಯಾಕೋಬ್ ಹೆಗ್ನರ್ ಎಂಬ ಪ್ರಕಾಶಕರು 1924ರಲ್ಲಿ ರೆನರ್ ಅವರನ್ನು ಈ ಕಾಲಕ್ಕೆ ತಕ್ಕ ಒಂದು ಹೊಸ ಅಕ್ಷರ ಮಾಡಿ ಅಂತ ಕೇಳಿದರು. ಮೂರು ವರ್ಷ ಕೆಲಸ ನಡೆಯಿತು. 1927ರಲ್ಲಿ ಫ್ರಾಂಕ್‌ಫರ್ಟ್‌ನ ಬಾವರ್ ಫೌಂಡ್ರಿ ಅದನ್ನು ಸೀಸದ ಅಚ್ಚುಮೊಳೆಗಳಾಗಿ ಎರಕ ಹೊಯ್ದು ಮಾರುಕಟ್ಟೆಗೆ ತಂದಿತು. "ನಮ್ಮ ಕಾಲದ ಅಕ್ಷರ" ಅನ್ನೋದು ಅದರ ಜಾಹೀರಾತಿನ ಘೋಷಣೆ.

ಆ ಕಾಲದಲ್ಲಿ ಜ್ಯಾಮಿತಿಯ ಹುಚ್ಚು ಎಲ್ಲರಿಗೂ ಇತ್ತು. ಬಾಹೌಸ್ ಎಂಬ ಪ್ರಸಿದ್ಧ ವಿನ್ಯಾಸ ಶಾಲೆಯಲ್ಲಿ ಹರ್ಬರ್ಟ್ ಬೇಯರ್ ಅವರು 1925ರ ಹೊತ್ತಿಗೆ ಪೂರಾ ಕಂಪಾಸ್ ಮತ್ತು ಸ್ಕೇಲಿನಿಂದಲೇ ಒಂದು ವರ್ಣಮಾಲೆ ಬರೆದಿದ್ದರು. ಅದರಲ್ಲಿ ಕ್ಯಾಪಿಟಲ್ ಅಕ್ಷರಗಳೇ ಇರಲಿಲ್ಲ. ಅದು ಪ್ರಯೋಗವಾಗಿಯೇ ಉಳಿಯಿತು. ರೆನರ್ ಬಾಹೌಸ್‌ನವರಲ್ಲ. ಆದರೂ ಅವರ ಮೊದಲ ಡ್ರಾಯಿಂಗ್‌ಗಳೂ ಅದೇ ದಾರಿಯಲ್ಲಿದ್ದವು. ಉದಾಹರಣೆಗೆ ಚಿಕ್ಕ ಆರ್ ಅಕ್ಷರ ಅಂದರೆ ಒಂದು ಕಡ್ಡಿ, ಅದರ ಪಕ್ಕದಲ್ಲಿ ಗಾಳಿಯಲ್ಲಿ ತೇಲುವ ಒಂದು ಚುಕ್ಕೆ, ಅಷ್ಟೇ! ಪೇಪರ್ ಮೇಲೆ ನೋಡಿದರೆ ಮಜವಾಗಿದೆ. ಓದೋಕೆ ಹೋದರೆ ಎಡವುತ್ತೇವೆ. ಇಂಥ ಅಕ್ಷರಗಳನ್ನು ಶುರುವಿನಲ್ಲಿ ಬದಲಿ ರೂಪಗಳಾಗಿ ಕೊಟ್ಟರೂ ಕ್ರಮೇಣ ಕೈಬಿಟ್ಟರು. ಫ್ಯೂಚುರಾ ಬದುಕಿದ್ದು ಜ್ಯಾಮಿತಿಯನ್ನು ಪೂರ್ತಿ ಪಾಲಿಸಿದ್ದಕ್ಕಲ್ಲ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಿದ್ದಕ್ಕೆ.

ರೆನರ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಬಾರದು. ನಾಜಿಗಳ ಸಾಂಸ್ಕೃತಿಕ ನೀತಿಯನ್ನು ಟೀಕಿಸಿ ಅವರು 1932ರಲ್ಲಿ ಒಂದು ಕಿರುಪುಸ್ತಕ ಬರೆದರು. 1933ರಲ್ಲಿ ಅವರನ್ನು ಬಂಧಿಸಿದರು, ಮ್ಯೂನಿಕ್‌ನಲ್ಲಿ ಮುದ್ರಣ ಶಾಲೆಯ ಮುಖ್ಯಸ್ಥರಾಗಿದ್ದ ಕೆಲಸವೂ ಹೋಯಿತು. ಅಷ್ಟರಲ್ಲಿ ಅವರ ಅಕ್ಷರ ಮಾತ್ರ ಜರ್ಮನಿ ದಾಟಿ ಹೋಗಿಯಾಗಿತ್ತು.

ವೃತ್ತ ಅಂದುಕೊಂಡಿದ್ದು ವೃತ್ತ ಅಲ್ಲ

ಫ್ಯೂಚುರಾ ನೋಡಿದರೆ ಫಸ್ಟ್ ಇಯರ್‌ನ ಇಂಜಿನಿಯರಿಂಗ್ ಗ್ರಾಫಿಕ್ಸ್ ಕ್ಲಾಸ್ ನೆನಪಾಗುತ್ತದೆ. ಓ ಅಂದರೆ ವೃತ್ತ, ಎ ಅಂದರೆ ತ್ರಿಕೋನ, ಚಿಕ್ಕ ಬಿ, ಡಿ, ಪಿ, ಕ್ಯೂ ಅಂದರೆ ವೃತ್ತಕ್ಕೊಂದು ಕಡ್ಡಿ. ಹಾಗಾದರೆ ಆಟೊಕ್ಯಾಡ್‌ನಲ್ಲಿ ನಾವೇ ಅರ್ಧ ಗಂಟೆಯಲ್ಲಿ ಬರೆದುಬಿಡಬಹುದಲ್ಲ?

ಬರೆದು ನೋಡಿ. ಎತ್ತರ 100 ಇರುವ ಒಂದು ಚೌಕ, ಪಕ್ಕದಲ್ಲಿ ವ್ಯಾಸ 100 ಇರುವ ಒಂದು ವೃತ್ತ. ಅಳತೆಯಲ್ಲಿ ಎರಡೂ ಒಂದೇ. ಕಣ್ಣಿಗೆ ಮಾತ್ರ ವೃತ್ತ ಚಿಕ್ಕದಾಗಿ ಕಾಣುತ್ತದೆ. ಯಾಕೆಂದರೆ ಚೌಕದ ಇಡೀ ಅಂಚು ಮೇಲಿನ ಗೆರೆಯನ್ನು ಮುಟ್ಟುತ್ತದೆ, ವೃತ್ತ ಮುಟ್ಟೋದು ಒಂದೇ ಬಿಂದುವಿನಲ್ಲಿ. ಅದಕ್ಕೇ ಅಕ್ಷರ ವಿನ್ಯಾಸಕಾರರು ದುಂಡನೆಯ ಅಕ್ಷರವನ್ನು ಮೇಲೆ ಕೆಳಗೆ ಚೂರು ಹೊರಕ್ಕೆ ಚಾಚುತ್ತಾರೆ. ಫ್ಯೂಚುರಾದ ತೆಳು ಅಕ್ಷರಗಳಲ್ಲಿ ಎ, ಎನ್‌ಗಳ ಚೂಪು ತುದಿಗಳೂ ಇದೇ ಕಾರಣಕ್ಕೆ ಸಾಲಿನ ಗೆರೆ ದಾಟಿ ಹೊರಗೆ ಹೋಗುತ್ತವೆ.

ಎರಡನೆಯದು ಗೆರೆಯ ದಪ್ಪ. ಒಂದೇ ದಪ್ಪದ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಹಾಕಿ. ಅಡ್ಡ ಗೆರೆಯೇ ದಪ್ಪ ಅನಿಸುತ್ತದೆ. ಹಾಗಾಗಿ ಎರಡೂ ಸಮ ಕಾಣಬೇಕು ಅಂದರೆ ಅಡ್ಡ ಗೆರೆಯನ್ನು ಸ್ವಲ್ಪ ತೆಳು ಮಾಡಬೇಕು. ಇದೇ ಲೆಕ್ಕದಲ್ಲಿ ಓ ಅಕ್ಷರದ ಮೇಲಿನ ಕೆಳಗಿನ ಭಾಗ ತೆಳು, ಎಡ ಬಲ ದಪ್ಪ. ಅಂದರೆ ಒಳಗಿನ ಖಾಲಿ ಜಾಗ ಮತ್ತು ಹೊರಗಿನ ಅಂಚು ಎರಡೂ ನಿಜವಾದ ವೃತ್ತಗಳಾಗಿ ಉಳಿಯೋದಿಲ್ಲ.

ಮೂರನೆಯದು ಜೋಡಣೆ. ಚಿಕ್ಕ ಬಿ ಅಕ್ಷರದಲ್ಲಿ ದುಂಡು ಭಾಗ ಬಂದು ಕಡ್ಡಿಗೆ ಸೇರುವ ಜಾಗದಲ್ಲಿ ಎರಡು ದಪ್ಪಗಳು ಕೂಡಿ ಒಂದು ಕಪ್ಪು ಗಂಟು ಹುಟ್ಟುತ್ತದೆ. ಅದನ್ನು ತಪ್ಪಿಸೋಕೆ ದುಂಡು ಭಾಗ ಕಡ್ಡಿಯ ಹತ್ತಿರ ಬರುತ್ತಾ ಸಣ್ಣಗಾಗಬೇಕು. ಫ್ಯೂಚುರಾದಲ್ಲಿ ಈ ತಿದ್ದುಪಡಿ ಎಷ್ಟು ನಯವಾಗಿದೆ ಅಂದರೆ, ಝೂಮ್ ಮಾಡಿ ನೋಡುವ ತನಕ ಗೊತ್ತೇ ಆಗೋದಿಲ್ಲ.

ಇನ್ನು ಕ್ಯಾಪಿಟಲ್ ಅಕ್ಷರಗಳ ಅಗಲ. ಇ, ಎಫ್, ಎಲ್, ಎಸ್ ಕಿರಿದು, ಹೆಚ್ಚುಕಡಿಮೆ ಅರ್ಧ ಚೌಕ. ಓ, ಸಿ, ಜಿ ಪೂರಾ ಅಗಲ. ಈ ಪ್ರಮಾಣ ಯಾವ ಯಂತ್ರದಿಂದಲೂ ಬಂದಿದ್ದಲ್ಲ, ಹಳೇ ರೋಮನ್ ಶಾಸನಗಳಿಂದ ಬಂದಿದ್ದು. "ನಮ್ಮ ಕಾಲದ ಅಕ್ಷರ"ದ ಬೆನ್ನೆಲುಬು ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಬರಹ! ಹೊಸದಾಗಿ ಕಾಣೋಕೆ ಹಳೆಯದನ್ನೆಲ್ಲ ಎಸೆಯಬೇಕಾಗಿಲ್ಲ ಅನ್ನೋದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ದಪ್ಪ ಮಾಡಿದಾಗ ಏನಾಗುತ್ತದೆ?

ತೆಳು ಅಕ್ಷರದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ. ದಪ್ಪ ಅಕ್ಷರದಲ್ಲಿ ಎಲ್ಲ ಬಯಲಿಗೆ ಬರುತ್ತವೆ.

ದಪ್ಪ ಮಾಡೋದು ಅಂದರೆ ಗೆರೆಗೆ ಮಸಿ ಸೇರಿಸೋದು ಅಂತ ಅನಿಸಬಹುದು. ಆದರೆ ಅಕ್ಷರದ ಎತ್ತರ ಬದಲಾಗೋ ಹಾಗಿಲ್ಲ. ಹಾಗಾಗಿ ಸೇರಿಸಿದ ಮಸಿಯೆಲ್ಲ ಒಳಗಿನ ಖಾಲಿ ಜಾಗವನ್ನು ತಿನ್ನುತ್ತದೆ, ಇಲ್ಲವೇ ಅಕ್ಷರವನ್ನು ಅಗಲ ಮಾಡುತ್ತದೆ. ಓದುವ ಕಣ್ಣಿಗೆ ಮಸಿ ಎಷ್ಟು ಮುಖ್ಯವೋ ಖಾಲಿ ಜಾಗವೂ ಅಷ್ಟೇ ಮುಖ್ಯ. ಇ ಅಕ್ಷರದ ಮೂರು ಕೈಗಳ ನಡುವಿನ ಎರಡು ಸಂದು ಮುಚ್ಚಿಹೋದರೆ ಉಳಿಯೋದು ಒಂದು ಕಪ್ಪು ಇಟ್ಟಿಗೆ.

ಫ್ಯೂಚುರಾ ಬೋಲ್ಡ್‌ನಲ್ಲಿ ಇದಕ್ಕೆ ಏನು ಮಾಡಿದ್ದಾರೆ ನೋಡಿ. ತೆಳು ರೂಪದಲ್ಲಿ ಚೂಪಾಗಿದ್ದ ಎ ಅಕ್ಷರದ ತುದಿ ಬೋಲ್ಡ್‌ನಲ್ಲಿ ಚಪ್ಪಟೆ. ಅಷ್ಟು ದಪ್ಪ ಗೆರೆಗಳು ಚೂಪಾಗಿ ಕೂಡಬೇಕು ಅಂದರೆ ತುದಿ ತುಂಬಾ ಮೇಲಕ್ಕೆ ಹೋಗಬೇಕಾಗುತ್ತಿತ್ತು. ಅಡ್ಡ ಗೆರೆಗಳು ಉದ್ದ ಗೆರೆಗಳಿಗಿಂತ ಎದ್ದು ಕಾಣುವಷ್ಟು ತೆಳು. ದುಂಡು ಅಕ್ಷರಗಳು ಕಡ್ಡಿಗೆ ಸೇರುವ ಕಡೆ ಇನ್ನೂ ಜಾಸ್ತಿ ಸಣ್ಣ. ಅಂದರೆ ಬೋಲ್ಡ್ ಎಂಬುದು ತೆಳು ಅಕ್ಷರದ ದಪ್ಪ ಪ್ರತಿ ಅಲ್ಲ. ಅದು ಅದೇ ಮನೆಯ ಬೇರೆ ಮಗು, ಬೇರೆಯಾಗಿಯೇ ಬರೆದಿದ್ದು.

ಹೀಗೇ ಫ್ಯೂಚುರಾ ಕುಟುಂಬ ಬೆಳೆಯುತ್ತಾ ಹೋಯಿತು. 1929ರಲ್ಲಿ ಫ್ಯೂಚುರಾ ಬ್ಲ್ಯಾಕ್ ಬಂತು, ಅದು ತಗಡಿನ ಅಚ್ಚು ಇಟ್ಟು ಬಣ್ಣ ಬಳಿದ ಹಾಗೆ ತುಂಡು ತುಂಡಾಗಿರುವ ಅಕ್ಷರ. ಇನ್ನೂ ದಪ್ಪನೆಯ ಎಕ್ಸ್‌ಟ್ರಾ ಬೋಲ್ಡ್ ರೆನರ್ ಕೈಯಿಂದ ಬಂದಿದ್ದಲ್ಲ. ಅದನ್ನು 1950ರ ದಶಕದಲ್ಲಿ ಅಮೆರಿಕದಲ್ಲಿ ಎಡ್ವಿನ್ ಶಾರ್ ಮಾಡಿದರು.

ಗೋಡೆಯಿಂದ ಚಂದ್ರನ ತನಕ

ಫ್ಯೂಚುರಾ ಹೋದ ಜಾಗಗಳ ಪಟ್ಟಿ ಮಾಡಿದರೆ ಸಂಚಿಕೆಯೇ ತುಂಬುತ್ತದೆ. ಕೆಲವನ್ನು ಮಾತ್ರ ಹೇಳುತ್ತೇವೆ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹ ಫ್ಯೂಚುರಾದಲ್ಲಿದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಆ ಪ್ರಸಿದ್ಧ ಜಾಹೀರಾತುಗಳ ತಲೆಬರಹ ಫ್ಯೂಚುರಾ. ನೈಕಿಯ ಮೂರು ಪದದ ಘೋಷಣೆ ಫ್ಯೂಚುರಾದ ದಪ್ಪ, ಒತ್ತಿದ ರೂಪ. ವೆಸ್ ಆಂಡರ್ಸನ್ ಅವರ 2001ರ 'ದಿ ರಾಯಲ್ ಟೆನೆನ್‌ಬಾಮ್ಸ್' ಸಿನಿಮಾ ನೋಡಿದವರಿಗೆ ಫ್ಯೂಚುರಾ ಬೋಲ್ಡ್ ಪರಿಚಯ ಮಾಡಿಸಬೇಕಾಗಿಲ್ಲ.

ಆದರೆ ಈ ಅಕ್ಷರದ ದಪ್ಪವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅನ್ನೋದು ನಮ್ಮ ಅಭಿಪ್ರಾಯ. ಕಪ್ಪು ಬಿಳುಪು ಫೋಟೋ, ಅದರ ಮೇಲೆ ಕೆಂಪು ಪಟ್ಟಿ, ಪಟ್ಟಿಯಲ್ಲಿ ಬಿಳಿ ಫ್ಯೂಚುರಾ ಬೋಲ್ಡ್ ಓರೆ ಅಕ್ಷರ. ಮಾತು ನಾಲ್ಕೈದು ಪದ ದಾಟೋದು ಕಡಿಮೆ. 1989ರಲ್ಲಿ ವಾಷಿಂಗ್ಟನ್‌ನಲ್ಲಿ ಹೆಣ್ಣುಮಕ್ಕಳ ಹಕ್ಕಿಗಾಗಿ ನಡೆದ ಮೆರವಣಿಗೆಗೆ ಅವರು ಮಾಡಿದ ಪೋಸ್ಟರ್ ಇವತ್ತಿಗೂ ಬಳಕೆಯಲ್ಲಿದೆ. 1994ರಲ್ಲಿ ಶುರುವಾದ ಸುಪ್ರೀಮ್ ಎಂಬ ಬಟ್ಟೆ ಕಂಪನಿಯ ಕೆಂಪು ಡಬ್ಬಿ ಲೋಗೋ ನೋಡಿದರೆ ಈ ಶೈಲಿ ಯಾವ ದಾರಿಯಲ್ಲಿ ಬಂತು ಅಂತ ತಕ್ಷಣ ಗೊತ್ತಾಗುತ್ತದೆ. ಪ್ರತಿಭಟನೆಗೂ ಅದೇ ಅಕ್ಷರ, ಟೀ ಶರ್ಟ್ ಮಾರೋಕೂ ಅದೇ ಅಕ್ಷರ. ಅಕ್ಷರಕ್ಕೆ ಪಕ್ಷ ಇಲ್ಲ, ಗಟ್ಟಿ ದನಿ ಮಾತ್ರ ಇದೆ.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಸಾಮಾನ್ಯ ಅಂಶ ಇದೆ. ಪದಗಳು ಕಡಿಮೆ, ಗಾತ್ರ ದೊಡ್ಡದು, ಸುತ್ತ ಜಾಗ ಧಾರಾಳ. ಡಿಸ್‌ಪ್ಲೇ ಫಾಂಟ್ ಅಂದರೆ ಇದೇ. ದೂರದಿಂದ ಕೂಗಿ ಕರೆಯೋಕೆ ಇರುವ ಅಕ್ಷರ, ಪಕ್ಕದಲ್ಲಿ ಕೂತು ಮಾತಾಡೋಕೆ ಅಲ್ಲ. ಇದೇ ಫ್ಯೂಚುರಾ ಬೋಲ್ಡ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್‌ನ ಒಂದು ಪುಟ ಹೊಡೆಯಿರಿ, ಎರಡನೇ ಪ್ಯಾರಾಕ್ಕೆ ಕಣ್ಣು ಸೋಲುತ್ತದೆ. ಅದರ ಚಿಕ್ಕ ಎ ಅಕ್ಷರ ವೃತ್ತಕ್ಕೊಂದು ಕಡ್ಡಿ ಅಷ್ಟೇ ಆಗಿರೋದರಿಂದ ಸಣ್ಣ ಗಾತ್ರದಲ್ಲಿ ಓ ಜೊತೆ ಗೊಂದಲ ಆಗುತ್ತದೆ. ಕ್ಯಾಪಿಟಲ್ ಐ ಮತ್ತು ಚಿಕ್ಕ ಎಲ್ ಎರಡೂ ಬರೀ ಕಡ್ಡಿಗಳು. ಎಲ್ಲ ಅಕ್ಷರವೂ ಒಂದೇ ವೃತ್ತದಿಂದ ಹುಟ್ಟಿದರೆ ಅಂದ ಹೆಚ್ಚುತ್ತದೆ, ಗುರುತು ಕಡಿಮೆಯಾಗುತ್ತದೆ. ಈ ಮಾತನ್ನು ನೆನಪಿಡಿ, ಕನ್ನಡಕ್ಕೆ ಬಂದಾಗ ಬೇಕಾಗುತ್ತದೆ.

ಕನ್ನಡದ ಪೋಸ್ಟರಿನಲ್ಲಿ ನಡೆಯುವುದೇನು?

ಈಗ ಶುರುವಿನ ಪ್ರಶ್ನೆಗೆ ಬರೋಣ. ಇಂಗ್ಲಿಷಿನ ಕೆಳಗೆ ಕನ್ನಡ ಯಾಕೆ ಸೊರಗುತ್ತದೆ?

ಮೊದಲ ಕಾರಣ ಸಾಫ್ಟ್‌ವೇರ್ ಸುಮ್ಮನೆ ಮಾಡುವ ಒಂದು ಕೆಲಸ. ಸಾಮಾನ್ಯವಾಗಿ ಬಳಸುವ ಫ್ಯೂಚುರಾದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಎಲ್ಲರೂ ಬಳಸುವ ಪಾಪಿನ್ಸ್ ನಮ್ಮ ದೇಶದ್ದೇ ಇಂಡಿಯನ್ ಟೈಪ್ ಫೌಂಡ್ರಿ ಮಾಡಿದ ಜ್ಯಾಮಿತೀಯ ಫಾಂಟ್. ಅದರಲ್ಲಿ ಇಂಗ್ಲಿಷ್ ಮತ್ತು ದೇವನಾಗರಿ ಇವೆ, ಕನ್ನಡ ಇಲ್ಲ. ನೀವು ಇಂಥ ಫಾಂಟ್ ಆರಿಸಿ ಕನ್ನಡ ಟೈಪ್ ಮಾಡಿದಾಗ ಸಾಫ್ಟ್‌ವೇರ್ "ನನ್ನ ಹತ್ತಿರ ಇಲ್ಲ" ಅಂತ ಹೇಳೋದಿಲ್ಲ. ಎಲ್ಲಿಂದಲೋ ಬೇರೆ ಕನ್ನಡ ಫಾಂಟ್ ತಂದು ಹಾಕುತ್ತದೆ. ಮೆನುವಿನಲ್ಲಿ ಪಾಪಿನ್ಸ್ ಬೋಲ್ಡ್ ಅಂತಲೇ ತೋರಿಸಬಹುದು, ಆದರೆ ನಿಮ್ಮ ಕನ್ನಡ ಪಾಪಿನ್ಸ್ ಅಲ್ಲ. ಬಡಕಲು ಕನ್ನಡದ ಗುಟ್ಟು ಇದು.

ಎರಡನೇ ಕಾರಣ ಸುಳ್ಳು ಬೋಲ್ಡ್. ಫಾಂಟಿನಲ್ಲಿ ನಿಜವಾದ ದಪ್ಪ ರೂಪ ಇಲ್ಲದಿದ್ದಾಗ ಬಿ ಬಟನ್ ಒತ್ತಿದರೆ ಅನೇಕ ಸಾಫ್ಟ್‌ವೇರ್‌ಗಳು ಅಕ್ಷರದ ಅಂಚನ್ನು ಎಲ್ಲ ಕಡೆ ಸಮನಾಗಿ ಉಬ್ಬಿಸುತ್ತವೆ. ಕೈಯಾರೆ ಅಕ್ಷರದ ಸುತ್ತ ಔಟ್‌ಲೈನ್ ಹಾಕಿ ದಪ್ಪ ಮಾಡಿದರೂ ಅದೇ ಕಥೆ. ಫ್ಯೂಚುರಾ ಬೋಲ್ಡ್‌ನಲ್ಲಿ ಮಾಡಿದ ಯಾವ ತಿದ್ದುಪಡಿಯೂ ಇಲ್ಲಿ ನಡೆಯೋದಿಲ್ಲ. ಒಳಗಿನ ಜಾಗ ಮುಚ್ಚುತ್ತದೆ, ಗಂಟುಗಳು ಕಪ್ಪಾಗುತ್ತವೆ.

ಇಂಗ್ಲಿಷಿಗಿಂತ ಕನ್ನಡಕ್ಕೆ ಇದರ ಏಟು ಜೋರು. ನಮ್ಮಲ್ಲಿ ಅಕ್ಷರಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಒಂದು ಸಣ್ಣ ಸೀಳಿನಲ್ಲಿರುತ್ತದೆ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳಲ್ಲಿ ಬುಡದ ಸೀಳು ಒಂದೇ ಗುರುತು. ರ ಮತ್ತು ಠ ನಡುವೆ ಒಂದು ಚುಕ್ಕೆ. ಸ್ಕಾಲರ್‌ಶಿಪ್ ನೋಟೀಸಿನಲ್ಲಿ "ಧನಸಹಾಯ" ಅಂತ ಇದ್ದು, ಸೀಳು ಮುಚ್ಚಿಹೋದರೆ ಅದು "ದನಸಹಾಯ" ಆಗಿಬಿಡುತ್ತದೆ!

ಇಂಜಿನಿಯರಿಂಗ್ ಸ್ಟೂಡೆಂಟ್ಸ್ ಅಂದಮೇಲೆ ಒಂದು ಲೆಕ್ಕ ಮಾಡೋಣ. ಡಚ್ ಕಣ್ಣಿನ ಡಾಕ್ಟರ್ ಹರ್ಮನ್ ಸ್ನೆಲ್ಲನ್ 1862ರಲ್ಲಿ ಕೊಟ್ಟ ಅಳತೆಯ ಪ್ರಕಾರ, 6/6 ದೃಷ್ಟಿ ಇರುವ ಕಣ್ಣು ಸುಮಾರು 1 ಆರ್ಕ್ ನಿಮಿಷದಷ್ಟು ಕೋನದ ಸಂದನ್ನು ಗುರುತಿಸಬಲ್ಲದು. ಒಂದು ಡಿಗ್ರಿಯ 60ನೇ ಒಂದು ಭಾಗ. ರೇಡಿಯನ್‌ನಲ್ಲಿ ಇದು 0.00029. ಕಾರಿಡಾರಿನಲ್ಲಿ 5 ಮೀಟರ್ ದೂರದಿಂದ ನೋಟೀಸ್ ಬೋರ್ಡ್ ನೋಡುತ್ತಿದ್ದೀರಿ ಅಂದುಕೊಳ್ಳಿ. 5000 ಮಿಲಿಮೀಟರ್ ಗುಣಿಸು 0.00029 ಅಂದರೆ ಸುಮಾರು 1.45 ಮಿಲಿಮೀಟರ್. ಅದಕ್ಕಿಂತ ಕಿರಿದಾದ ಸೀಳು ಅಷ್ಟು ದೂರದಿಂದ ಕಾಣೋದಿಲ್ಲ.

ಈಗ ನಿಮ್ಮ ಪೋಸ್ಟರಿನ ಧ ಅಕ್ಷರದಲ್ಲಿ ಸೀಳು 2 ಮಿಲಿಮೀಟರ್ ಇದೆ ಅನ್ನಿ. ಕಾಣುತ್ತದೆ, ತೊಂದರೆ ಇಲ್ಲ. ಸುಳ್ಳು ಬೋಲ್ಡ್ ಪ್ರತಿ ಅಂಚನ್ನೂ ಅರ್ಧ ಮಿಲಿಮೀಟರ್ ಉಬ್ಬಿಸಿತು ಅನ್ನಿ. ಸೀಳಿಗೆ ಎರಡು ಅಂಚು, ಎರಡೂ ಕಡೆಯಿಂದ ಅರ್ಧರ್ಧ ಹೋಯಿತು. ಉಳಿದಿದ್ದು 1 ಮಿಲಿಮೀಟರ್. ಈಗ ಓದುವವರು ಸುಮಾರು ಮೂರೂವರೆ ಮೀಟರ್ ಹತ್ತಿರಕ್ಕೆ ಬಂದರೆ ಮಾತ್ರ ಅದು ಧ, ಅಲ್ಲಿಯ ತನಕ ದ. ದೂರದಿಂದ ಕಾಣಲಿ ಅಂತ ದಪ್ಪ ಮಾಡಿದೆವು, ದಪ್ಪ ಮಾಡಿದ್ದರಿಂದಲೇ ದೂರದಿಂದ ಓದೋಕಾಗಲ್ಲ. ಸರಿಯಾಗಿ ವಿನ್ಯಾಸ ಮಾಡಿದ ಕನ್ನಡ ಬೋಲ್ಡ್‌ನಲ್ಲಿ ಗೆರೆ ದಪ್ಪಗಾದರೂ ಈ ಸೀಳನ್ನು ಬೇಕಂತಲೇ ತೆರೆದಿಡುತ್ತಾರೆ.

ಮೂರನೇ ಕಾರಣ ಮಹಡಿಗಳು. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳದ್ದು ಒಂದೇ ಮಹಡಿಯ ಮನೆ. ಕನ್ನಡದಲ್ಲಿ ಮೇಲೆ ಗುಡಿಸು, ತಲೆಕಟ್ಟು, ನಡುವೆ ಮೂಲ ಅಕ್ಷರ, ಕೆಳಗೆ ಒತ್ತು. "ರಾಷ್ಟ್ರೀಯ" ಅಂತ ಬರೆದರೆ ಷ ಅಕ್ಷರಕ್ಕೆ ಎರಡೆರಡು ಒತ್ತುಗಳು. ಎರಡೂ ಲಿಪಿಗಳಿಗೆ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ, ಅಷ್ಟೇ ಎತ್ತರದಲ್ಲಿ ಎಲ್ಲ ಮಹಡಿಗಳೂ ಹಿಡಿಯಬೇಕಾಗಿ ಕನ್ನಡದ ಮೂಲ ಅಕ್ಷರ ಕುಗ್ಗುತ್ತದೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿನ ಲೆಕ್ಕದಲ್ಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಇಲ್ಲಿ ಕಾಲೇಜಿನಾಚೆಗಿನ ಮಾತೂ ಒಂದಿದೆ. ಅಂಗಡಿ, ಕಚೇರಿಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಅಂತ ಕರ್ನಾಟಕದಲ್ಲಿ 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ಒಳ್ಳೆಯದೇ. ಆದರೆ ಕಾನೂನು ಅಳೆಯೋದು ಜಾಗವನ್ನು. ಆ ಜಾಗ ತುಂಬಿಸೋಕೆ ತೆಳು ಅಕ್ಷರವನ್ನು ಅಡ್ಡಡ್ಡ ಎಳೆದರೆ ಉದ್ದ ಗೆರೆಗಳು ದಪ್ಪಗಾಗಿ, ಅಡ್ಡ ಗೆರೆಗಳು ಹಾಗೇ ಉಳಿದು ಅಕ್ಷರ ಸೊಟ್ಟಗಾಗುತ್ತದೆ. ಜಾಗ ಸಿಕ್ಕಿತು, ಗೌರವ ಸಿಗಲಿಲ್ಲ. ಮೊದಲು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವರು ಅಕ್ಷರವನ್ನು ಎಳೆಯುತ್ತಿರಲಿಲ್ಲ, ಜಾಗ ನೋಡಿ ಹೊಸದಾಗಿ ಬರೆಯುತ್ತಿದ್ದರು. ಒತ್ತು ಎಲ್ಲಿ ಕೂರಿಸಬೇಕು, ಯಾವ ಗೆರೆ ಸಣ್ಣ ಮಾಡಬೇಕು ಅನ್ನೋದು ಅವರ ಕೈಗೆ ಗೊತ್ತಿತ್ತು. ರೆನರ್ ಮಾಡಿದ್ದೂ ಇದನ್ನೇ ಅಲ್ವಾ?

ಮುಂದಿನ ಪೋಸ್ಟರಿಗೆ ಮೊದಲು

ಸದ್ಯಕ್ಕೆ ನಮ್ಮ ಕೈಯಲ್ಲಿ ಏನಿದೆ ಅಂತ ನೋಡೋಣ. ಖುಷಿಯ ವಿಷಯ ಅಂದರೆ ಇವೆಲ್ಲ ಉಚಿತ, ಕಾಯ್ದೆಬದ್ಧವಾಗಿಯೇ ಉಚಿತ.

ಇಂಗ್ಲಿಷಿಗೆ ಫ್ಯೂಚುರಾ ಕೊಳ್ಳಬೇಕು, ಬೆಲೆ ಇದೆ. ಅದರ ಬದಲು ಯೋಸ್ಟ್ ಎಂಬ ಫಾಂಟ್ ಬಳಸಬಹುದು. 1920ರ ಜರ್ಮನ್ ಜ್ಯಾಮಿತೀಯ ಅಕ್ಷರಗಳಿಂದ ಪ್ರೇರಣೆ ಪಡೆದದ್ದು. ಹೆಸರು ಬಂದಿದ್ದು ಬಾವರ್ ಫೌಂಡ್ರಿಯ ಕಲಾ ನಿರ್ದೇಶಕ ಹೈನ್‌ರಿಕ್ ಯೋಸ್ಟ್ ಅವರಿಂದ.

ಕನ್ನಡಕ್ಕೆ ದಪ್ಪ ರೂಪ ನಿಜವಾಗಿ ಬರೆದಿರುವ ಫಾಂಟ್‌ಗಳನ್ನೇ ಆರಿಸಿ. ಮುಂಬೈನ ಏಕ್ ಟೈಪ್ ತಂಡದ ಬಲೂ ತಮ್ಮ 2 ದಪ್ಪಗೆ, ದುಂಡಗೆ, ತಮಾಷೆಯಾಗಿದೆ. ಬಲೂ ಕುಟುಂಬದಲ್ಲಿ ಒಂದೊಂದು ಭಾಷೆಗೂ ಒಬ್ಬೊಬ್ಬ ಸೋದರ, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ನಮಗೆ ತಮ್ಮ! ಮಕ್ಕಳ ಕಾರ್ಯಕ್ರಮಕ್ಕೆ, ಹಾಸ್ಯಕ್ಕೆ ಇದು ಸರಿ. ಅದೇ ತಂಡದ ಅನೇಕ್ ಕನ್ನಡದಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಬದಲಾಯಿಸಬಹುದು. ಜಾಗ ತುಂಬಬೇಕಾದರೆ ಎಳೆಯೋ ಬದಲು ಅದರ ಅಗಲ ರೂಪ ತೆಗೆದುಕೊಳ್ಳಿ. ಗಂಭೀರ ವಿಷಯಕ್ಕೆ ನೋಟೊ ಸ್ಯಾನ್ಸ್ ಕನ್ನಡದ ಬೋಲ್ಡ್ ಅಥವಾ ಬ್ಲ್ಯಾಕ್ ಇದೆ.

ಬಳಸುವಾಗ ನೆನಪಿಡಬೇಕಾದ್ದು ಇಷ್ಟು:

ಒಂದು, ಬಿ ಬಟನ್ ಒತ್ತಬೇಡಿ. ಫಾಂಟ್ ಪಟ್ಟಿಯಿಂದ ಬೋಲ್ಡ್ ರೂಪವನ್ನೇ ಆರಿಸಿ.

ಎರಡು, ಕನ್ನಡಕ್ಕೆ ಬೇರೆ ಸೈಜ್ ಕೊಡಿ. ಪಾಯಿಂಟ್ ಸಂಖ್ಯೆ ನೋಡಬೇಡಿ. ಕನ್ನಡದ ಮೂಲ ಅಕ್ಷರದ ಎತ್ತರ ಇಂಗ್ಲಿಷ್ ಕ್ಯಾಪಿಟಲ್ ಜೊತೆ ಸರಿತೂಗುತ್ತದಾ ಅಂತ ಕಣ್ಣಿನಿಂದ ನೋಡಿ.

ಮೂರು, ಇಲಸ್ಟ್ರೇಟರ್, ಇನ್‌ಡಿಸೈನ್ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ "ಕಾರ್ಯಕ್ರಮ" ಪದದ ಅರ್ಕಾವತ್ತು, ಒತ್ತು ಎಲ್ಲ ಚೆಲ್ಲಾಪಿಲ್ಲಿ.

ನಾಲ್ಕು, ಕನ್ನಡಕ್ಕೆ ಕ್ಯಾಪಿಟಲ್ ಅಕ್ಷರ ಇಲ್ಲ. ಜೋರಾಗಿ ಹೇಳಬೇಕಾದರೆ ಗಾತ್ರ, ಬಣ್ಣ, ಖಾಲಿ ಜಾಗ ಬಳಸಿ. ಕ್ರೂಗರ್ ಹಾಗೆ ಪದಗಳನ್ನು ಕಡಿಮೆ ಮಾಡೋದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಐದು, ಪ್ರಿಂಟ್‌ಗೆ ಕೊಡುವ ಮೊದಲು ಎ4 ಹಾಳೆಯಲ್ಲಿ ತಲೆಬರಹ ಮಾತ್ರ ಪೂರಾ ಸೈಜಿನಲ್ಲಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಐದು ಮೀಟರ್ ಹಿಂದೆ ನಿಂತು ಓದಿ. ಧ, ಫ, ಢ, ಠ ಇವನ್ನು ಮೊದಲು ನೋಡಿ.

ಇನ್ನೂ ಆಗದಿರುವ ಕೆಲಸ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಫ್ಯೂಚುರಾ ಬೋಲ್ಡ್ ಪಕ್ಕದಲ್ಲಿ ಸರಿಸಮ ನಿಲ್ಲುವ, ಜ್ಯಾಮಿತಿಯ ಗುಣವಿರುವ ದಪ್ಪ ಕನ್ನಡ ಅಕ್ಷರ ಬೇಕು ಅಂದಾಗ ನಮ್ಮ ಮುಂದೆ ಇರುವ ಆಯ್ಕೆಗಳು ಬೆರಳೆಣಿಕೆಯಷ್ಟು. "ಕನ್ನಡ ಹೇಗೂ ದುಂಡಗಿದೆ, ವೃತ್ತ ಹಾಕಿದರೆ ಮುಗೀತು" ಅಂತ ಅನಿಸಬಹುದು. ಆದರೆ ರ, ಠ, ದ, ಧ, ಡ ಎಲ್ಲಕ್ಕೂ ಒಂದೇ ವೃತ್ತ ಹಾಕಿದರೆ ಫ್ಯೂಚುರಾದ ಎ ಮತ್ತು ಓ ಗೊಂದಲ ಇಲ್ಲಿ ಐದು ಪಟ್ಟಾಗುತ್ತದೆ. ಇಂಗ್ಲಿಷಿನ ತುಂಡುಗಳನ್ನು ಕತ್ತರಿಸಿ ಕನ್ನಡಕ್ಕೆ ಅಂಟಿಸಿದರೂ ಆಗೋದಿಲ್ಲ. ರೆನರ್ ರೋಮನ್ ಶಾಸನಗಳ ಹತ್ತಿರ ಹೋದ ಹಾಗೆ ಕನ್ನಡಕ್ಕೆ ಮಾಡುವವರು ನಮ್ಮ ಶಾಸನ, ನಮ್ಮ ಅಚ್ಚುಮೊಳೆ, ನಮ್ಮ ಬೋರ್ಡ್ ಬರೆಯುವವರ ಕೈ ಇವನ್ನೆಲ್ಲ ನೋಡಬೇಕು. ತಲೆಕಟ್ಟಿನ ಕೋನ ಎಷ್ಟಿರಬೇಕು, ಸೀಳು ಎಷ್ಟು ತೆರೆದಿರಬೇಕು, ಒತ್ತು ಎಷ್ಟು ಕುಗ್ಗಿದರೂ ಅದೇ ದಪ್ಪದ್ದು ಅಂತ ಅನಿಸಬೇಕು, ಇವಕ್ಕೆಲ್ಲ ಉತ್ತರ ಕನ್ನಡದೊಳಗೇ ಹುಡುಕಬೇಕು.

ಇದಕ್ಕೆ ದೊಡ್ಡ ಲ್ಯಾಬ್ ಬೇಡ. ಫಾಂಟ್‌ಫೋರ್ಜ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಬೆಝಿಯರ್ ಕರ್ವ್ ಎಳೆಯೋಕೆ ಬಂದರೆ ಸಾಕು, ಉಳಿದಿದ್ದು ತಾಳ್ಮೆ. ಪೂರಾ ವರ್ಣಮಾಲೆ ಬೇಡ, ರ, ಠ, ದ, ಧ ಈ ನಾಲ್ಕೇ ಅಕ್ಷರ ದಪ್ಪಗೆ ಬರೆದು ನೋಡಿ. ನಾಲ್ಕೂ ಒಂದೇ ಮನೆಯವು ಅನಿಸಬೇಕು, ಐದು ಮೀಟರ್ ದೂರದಿಂದ ನಾಲ್ಕೂ ಬೇರೆ ಬೇರೆ ಕಾಣಬೇಕು. ಬರೆದವರು ನಮ್ಮ ಸಂಘಕ್ಕೆ ಕಳಿಸಿಕೊಡಿ. ಮುಂದಿನ ರಾಜ್ಯೋತ್ಸವದ ಪೋಸ್ಟರಿನಲ್ಲಿ ಅವಕ್ಕೆ ಜಾಗ ಇಟ್ಟಿರುತ್ತೇವೆ.